ಮುಂಬಯಿಯ ಹವೆಯಲ್ಲಿ ಸಿಡಿ, ಡಿವಿಡಿಗಳಿಗೆ ಗೀರು ಬೀಳದಂತೆ ನೋಡಿಕೊಳ್ಳುವುದು ಹೇಗೆ?

ನೀವು ಕೇಳಿದ್ದು ಇಷ್ಟು: ಡೊಂಬಿವಲಿಯ ನಿಮ್ಮ ಮನೆಯಲ್ಲಿ ತಂದೆಯವರು ಕೂಡಿಸಿಟ್ಟ ಯಕ್ಷಗಾನದ ಸಿಡಿ, ವಿಸಿಡಿಗಳೂ ಅಕ್ಕನ ಮದುವೆಯ ಡಿವಿಡಿಗಳೂ ಇವೆ. ಎಲ್ಲವನ್ನೂ ಜಿಪ್ ಇರುವ ಪೌಚ್‌ಗೆ ಹಾಕಿಟ್ಟಿದ್ದರೂ ಗೀರು ಬೀಳುತ್ತಿದೆ. ಇನ್ನು ಹೇಗೆ ಇಡಬೇಕು, ಹೇಗೆ ಬಳಸಬೇಕು, ಬಿದ್ದ ಗೀರಿಗೆ ಟೂತ್‌ಪೇಸ್ಟ್ ತಿಕ್ಕಬಹುದೇ?

ನಾನಿರುವುದು ಮಾಟುಂಗಾದಲ್ಲಿ. ನಮ್ಮ ಕನ್ನಡ ಬಳಗದ ತಾಳಮದ್ದಲೆ, ನಾಟಕ, ಭಜನೆಗಳ ಡಿಸ್ಕುಗಳನ್ನು ನೋಡಿಕೊಳ್ಳುವ ಕೆಲಸ ಎಷ್ಟೋ ವರ್ಷಗಳಿಂದ ನನ್ನ ಪಾಲಿಗಿದೆ. ಆ ಅನುಭವದಿಂದ ಮೊದಲೇ ಹೇಳಿಬಿಡುತ್ತೇನೆ. ಡಿಸ್ಕು ಇಟ್ಟಲ್ಲೇ ಇದ್ದು ಹಾಳಾಗುವುದು ಕಡಿಮೆ, ತೆಗೆಯುವಾಗ ಮತ್ತು ತೂರಿಸುವಾಗ ಹಾಳಾಗುವುದೇ ಹೆಚ್ಚು. ಇನ್ನೊಂದು, ನಾವೆಲ್ಲ ಕಾಯುವುದು ಹೊಳೆಯುವ ಮುಖವನ್ನು. ಆದರೆ ಸಿಡಿಯ ಪ್ರಾಣ ಇರುವುದು ಚಿತ್ರ ಅಚ್ಚು ಹಾಕಿರುವ ಮೇಲ್ಮೈಯ ಕೆಳಗೆ.

ಈ ಎರಡನೆಯ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಯಾವ ಡಿಸ್ಕನ್ನು ಹೇಗೆ ಹಿಡಿಯಬೇಕು ಎನ್ನುವುದೆಲ್ಲ ಇದರ ಮೇಲೆಯೇ ನಿಂತಿದೆ. ಸಿಡಿ, ಡಿವಿಡಿ, ಬ್ಲೂ-ರೇ ಮೂರೂ ನೋಡಲು ಒಂದೇ: 12 ಸೆಂಟಿಮೀಟರ್ ಅಗಲ, 1.2 ಮಿಲಿಮೀಟರ್ ದಪ್ಪ, ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್. ಒಳಗಿನ ಕಟ್ಟು ಮಾತ್ರ ಬೇರೆ ಬೇರೆ. ಸಿಡಿಯಲ್ಲಿ ಲೇಸರ್ ಕೆಳಗಿನಿಂದ ಬಂದು ಇಡೀ ಪ್ಲಾಸ್ಟಿಕ್ಕನ್ನು ದಾಟಿ, ಮೇಲಿರುವ ಅಲ್ಯೂಮಿನಿಯಂ ಪದರಕ್ಕೆ ತಾಗಿ ಹಿಂತಿರುಗುತ್ತದೆ. ಆ ಪದರದ ಮೇಲೆ ಕೆಲವೇ ಮೈಕ್ರಾನ್ ದಪ್ಪದ ಲ್ಯಾಕರ್ ಎಂಬ ಕಾಪಿನ ಲೇಪ, ಅದರ ಮೇಲೆ ಲೇಬಲ್ಲಿನ ಬಣ್ಣ, ಅಷ್ಟೇ. ಕೆಳಗಡೆ ಗೀರು ಬಿದ್ದರೆ ಅದು ಲೇಸರ್‌ನ ದಾರಿಗೆ ಅಡ್ಡ ಬಂದ ಹಾಗೆ, ಸರಿಪಡಿಸುವ ಅವಕಾಶ ಇರುತ್ತದೆ. ಮೇಲುಗಡೆ ಆಳವಾಗಿ ಗೀಚಿದರೆ ದಾಖಲೆಯೇ ಕಿತ್ತುಹೋಗುತ್ತದೆ, ಯಾವ ಪಾಲಿಶ್‌ನಿಂದಲೂ ಅದು ಮರಳಿ ಬರುವುದಿಲ್ಲ. ಡಿವಿಡಿಯಲ್ಲಿ 0.6 ಮಿಲಿಮೀಟರಿನ ಎರಡು ತಟ್ಟೆಗಳನ್ನು ಅಂಟಿಸಿರುತ್ತಾರೆ, ದಾಖಲೆ ನಡುವೆ ಇರುತ್ತದೆ. ಹಾಗಾಗಿ ಲೇಬಲ್ ಕಡೆಯ ಗೀರಿಗೆ ಅದು ಅಷ್ಟು ಹೆದರಬೇಕಿಲ್ಲ, ಬಗ್ಗಿಸುವುದಕ್ಕೆ ಹೆದರಬೇಕು: ಪದೇ ಪದೇ ಬಾಗಿದರೆ ಅಂಟು ಬಿಡುತ್ತದೆ. ಬ್ಲೂ-ರೇಯಲ್ಲಿ ದಾಖಲೆ ಓದುವ ಮೇಲ್ಮೈಯಿಂದ ಬರೀ 0.1 ಮಿಲಿಮೀಟರ್ ಒಳಗಿದೆ. ಅದಕ್ಕೇ ಅದರ ಮೇಲೆ ಗಟ್ಟಿ ಲೇಪನ ಕೊಟ್ಟಿರುತ್ತಾರೆ.

ನಿಮ್ಮ ವಿಸಿಡಿಗಳ ಬಗ್ಗೆ ವಿಶೇಷವಾಗಿ ಹೇಳಬೇಕು. ವಿಸಿಡಿ, ಅಂದರೆ ವಿಡಿಯೊ ಸಿಡಿ, ಕಟ್ಟಿನಲ್ಲಿ ಸಿಡಿಯೇ, ಅದರ ಬೆನ್ನೂ ಅಷ್ಟೇ ಸೂಕ್ಷ್ಮ. ಮೇಲಾಗಿ, ಕಂಪ್ಯೂಟರಿನ ದತ್ತಾಂಶ ಇಡುವ ಸಿಡಿಯಲ್ಲಿ ತಪ್ಪು ತಿದ್ದಲೆಂದು ಒಂದಷ್ಟು ಹೆಚ್ಚಿನ ದತ್ತಾಂಶ ಇರುತ್ತದೆ. ವಿಸಿಡಿಯ ಚಿತ್ರಭಾಗದಲ್ಲಿ ಅದನ್ನು ಕೈಬಿಟ್ಟು ಆ ಜಾಗವನ್ನೂ ಚಿತ್ರಕ್ಕೇ ಕೊಟ್ಟಿದ್ದಾರೆ. ಹೀಗೆ ಮಾಡಿಯೂ ಹಿಡಿಸಿದ್ದು 74 ನಿಮಿಷದಷ್ಟು. ರಾತ್ರಿಯಿಡೀ ನಡೆದ ಒಂದು ಆಟ ಹಲವು ವಿಸಿಡಿಗಳ ಕಟ್ಟಾಗಿ ಬರುತ್ತಿದ್ದುದು ನಿಮಗೂ ನೆನಪಿರಬಹುದು. ಡಿವಿಡಿ ತಡೆದುಕೊಳ್ಳುವ ಗೀರಿಗೆ ವಿಸಿಡಿಯಲ್ಲಿ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ, ಚೆಂಡೆಯ ಸದ್ದು ತುಂಡಾಗುತ್ತದೆ. ಗೀರಿನ ಮಟ್ಟಿಗೆ ನಿಮ್ಮ ಸಂಗ್ರಹದಲ್ಲಿ ಮೊದಲ ಕಾಳಜಿ ಇವಕ್ಕೇ ಸಲ್ಲಬೇಕು.

ಇನ್ನು ಗೀರಿನ ದಿಕ್ಕು. ದಾಖಲೆ ಒಳಗಿನಿಂದ ಹೊರಕ್ಕೆ ಸುರುಳಿಯಾಗಿ ಸಾಗುತ್ತದೆ. ನಡುವಿನಿಂದ ಅಂಚಿಗೆ ನೇರವಾಗಿ ಬಿದ್ದ ಗೀರು ಪ್ರತಿ ಸುತ್ತಿನಲ್ಲೂ ಒಂದು ಸಣ್ಣ ತುಣುಕನ್ನು ಮಾತ್ರ ಕೆಡಿಸುತ್ತದೆ. ಅಕ್ಕಪಕ್ಕದ ದತ್ತಾಂಶವನ್ನು ದೂರ ದೂರ ಹರಡಿ ಬರೆದಿರುವುದರಿಂದ ಪ್ಲೇಯರ್ ಉಳಿದದ್ದರಿಂದ ಲೆಕ್ಕ ಹಾಕಿ ಅದನ್ನು ತುಂಬಿಕೊಳ್ಳುತ್ತದೆ. ಆಡಿಯೊ ಸಿಡಿಯಲ್ಲಿ ಸುರುಳಿಯ ಉದ್ದಕ್ಕೆ ಸುಮಾರು 2.5 ಮಿಲಿಮೀಟರ್ ವರೆಗಿನ ಗಾಯವನ್ನು ಪೂರ್ತಿಯಾಗಿ ತಿದ್ದಬಹುದು. ಅದೇ ಗೀರು ಸುರುಳಿಯ ಜೊತೆಗೇ ವೃತ್ತಾಕಾರವಾಗಿ ಓಡಿದರೆ ಎಷ್ಟೇ ತೆಳ್ಳಗಿದ್ದರೂ ಆ ಮಿತಿಯನ್ನು ದಾಟಿಬಿಡುತ್ತದೆ. ಆದ್ದರಿಂದ ಒರೆಸುವಾಗ ಯಾವತ್ತೂ ನಡುವಿನಿಂದ ಅಂಚಿಗೆ, ನೇರವಾಗಿ. ಊಟದ ತಟ್ಟೆ ಒರೆಸಿದಂತೆ ಸುತ್ತಿ ಸುತ್ತಿ ಒರೆಸುವ ಅಭ್ಯಾಸ ನಮ್ಮ ಕೈಗೆ ಹತ್ತಿಬಿಟ್ಟಿದೆ, ಅದನ್ನು ಬಿಡಿಸಿಕೊಳ್ಳಲೇಬೇಕು. ಅಂಗಿಯ ತುದಿ, ಟಿಶ್ಯೂ ಪೇಪರ್ ಬೇಡ. ಮೊದಲು ಗಾಳಿ ಊದುವ ರಬ್ಬರ್ ಬಲ್ಬ್‌ನಿಂದ ದೂಳು ಹಾರಿಸಿ, ಹೋಗದಿದ್ದರೆ ನೀರಿಗೆ ಹಿಡಿದು ತೊಳೆಯಿರಿ, ಆಮೇಲೆ ಮೈಕ್ರೋಫೈಬರ್ ಬಟ್ಟೆ. ದೂಳಿರುವಾಗಲೇ ಒರೆಸಿದರೆ ಗೀರು ಹಾಕುವುದು ಆ ಬಟ್ಟೆಯೇ. ಜಿಡ್ಡು, ಬೆರಳಚ್ಚು ಇದ್ದರೆ ನೀರಿಗೆ ಒಂದು ಹನಿ ಸೌಮ್ಯವಾದ ಪಾತ್ರೆ ಸೋಪು, ಇಲ್ಲವೇ ಐಸೊಪ್ರೊಪೈಲ್ ಆಲ್ಕೋಹಾಲ್ ಸಾಕು. ಥಿನ್ನರ್, ಪೆಟ್ರೋಲ್, ಉಗುರುಬಣ್ಣ ತೆಗೆಯುವ ಅಸಿಟೋನ್ ಹತ್ತಿರವೂ ತರಬೇಡಿ, ಪಾಲಿಕಾರ್ಬೊನೇಟ್ ಮಂಜಾಗಿಬಿಡುತ್ತದೆ.

ಈಗ ನಿಮ್ಮ ಜಿಪ್ ಪೌಚ್. ಗೀರುಗಳ ಮೂಲ ಅದೇ ಎಂದು ನನಗೆ ಅನ್ನಿಸುತ್ತದೆ. ಪೌಚ್‌ನ ಜೇಬು ಡಿಸ್ಕಿನ ಎರಡೂ ಮುಖಕ್ಕೆ ಅಂಟಿಕೊಂಡಿರುತ್ತದೆ. ಒಂದು ಮರಳಿನ ಕಣ ಒಳಗೆ ಸೇರಿದರೆ, ಪ್ರತಿ ಸಲ ಎಳೆದಾಗಲೂ ತೂರಿಸಿದಾಗಲೂ ಅದು ಒಂದು ಗೆರೆ ಎಳೆಯುತ್ತದೆ. ಮುಂಬಯಿಯಲ್ಲಿ ದೂಳಿಗೇನು ಬರವೇ? ಪಕ್ಕದಲ್ಲಿ ಒಂದು ಕಟ್ಟಡ ಏಳುತ್ತಿದ್ದರೆ ಕಿಟಕಿ ಮುಚ್ಚಿದ್ದರೂ ಕಪಾಟಿನೊಳಗೆ ಬೆರಳಾಡಿಸಿ ಹೆಸರು ಬರೆಯಬಹುದು. ಅಗ್ಗದ ಪೌಚ್‌ಗಳದು ಇನ್ನೊಂದು ತೊಂದರೆ: ಪಿವಿಸಿ ಪ್ಲಾಸ್ಟಿಕ್. ಅದನ್ನು ಮೆತ್ತಗಾಗಿಸಲು ಬೆರೆಸಿದ ಎಣ್ಣೆಯಂಥ ವಸ್ತು ಸೆಕೆಗೆ ಹೊರಬಂದು ಡಿಸ್ಕಿನ ಮೇಲೆ ಮಬ್ಬು ಕಟ್ಟುತ್ತದೆ, ಲೇಬಲ್ಲಿನ ಬಣ್ಣವನ್ನು ಹಿಡಿದುಕೊಳ್ಳುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಹೀಗೆ ಅಂಟಿದ ಸಿಡಿಯನ್ನು ಜಗ್ಗಿ ಎಳೆದರೆ ಬಣ್ಣದ ಜೊತೆ ಅಲ್ಯೂಮಿನಿಯಂ ಕೂಡ ಏಳಬಹುದು. ಹಾಗೆ ಅಂಟಿದ್ದು ಕಂಡರೆ ಎಳೆಯಬೇಡಿ, ಜೇಬನ್ನೇ ಕತ್ತರಿಯಿಂದ ಬಿಡಿಸಿ ನಿಧಾನವಾಗಿ ಹೊರತೆಗೆಯಿರಿ.

ಹಳೆಯ ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ, ಜ್ಯುವೆಲ್ ಕೇಸ್ ಎನ್ನುತ್ತಾರಲ್ಲ ಅದಕ್ಕೆ, ಸಮನಾದದ್ದು ಇನ್ನೂ ಬಂದಿಲ್ಲ. ಅದು ಡಿಸ್ಕನ್ನು ನಡುವಿನ ತೂತಿನಲ್ಲಿ ಮಾತ್ರ ಹಿಡಿಯುತ್ತದೆ, ದಾಖಲೆ ಇರುವ ಭಾಗಕ್ಕೆ ಏನೂ ತಾಗುವುದಿಲ್ಲ. ಜಾಗ ತಿನ್ನುತ್ತದೆ ನಿಜ. ಒಂದೂವರೆ ಕೋಣೆಯ ಮನೆಯಲ್ಲಿ ಅದು ಸಣ್ಣ ಮಾತಲ್ಲ. ಆದ್ದರಿಂದ ನಾನು ಹೇಳುವುದು: ಮತ್ತೆ ಸಿಗದಂಥವು, ಅಂದರೆ ಖಾಸಗಿ ರೆಕಾರ್ಡಿಂಗ್, ಮದುವೆ, ನಿಂತುಹೋದ ಮೇಳಗಳ ಆಟ, ಇವನ್ನು ಡಬ್ಬಿಯಲ್ಲಿಡಿ. ಉಳಿದವಕ್ಕೆ ಪಾಲಿಪ್ರೊಪಿಲೀನ್ ಕವರ್ ಸಾಕು, ಒಂದು ಜೇಬಿಗೆ ಒಂದೇ ಡಿಸ್ಕು. ಒಂದು ಕಡೆ ಮೆತ್ತನೆಯ ಬಟ್ಟೆಯಂಥ ಹಾಳೆ ಇದ್ದರೆ ಓದುವ ಮುಖ ಅದಕ್ಕೆ ತಾಗಲಿ. ಡಬ್ಬಿಗಳು ಬೇಕಿದ್ದರೆ ಗ್ರಾಂಟ್ ರೋಡಿನ ಲ್ಯಾಮಿಂಗ್ಟನ್ ರೋಡ್ ಅಂಗಡಿಗಳಲ್ಲಿ ವಿಚಾರಿಸಿ. ಹಾಳಾದರೆ ಇನ್ನೊಂದು ಕೊಂಡರಾಯಿತು ಎನ್ನುವ ಕಾಲ ಮುಗಿಯಿತು. ಕಾಳಾ ಘೋಡಾದ ಹೆಸರಾಂತ ಸಂಗೀತದ ಅಂಗಡಿ ರಿದಮ್ ಹೌಸ್ ಕೂಡ 2016ರಲ್ಲಿ ಬಾಗಿಲು ಹಾಕಿತು.

ಡಬ್ಬಿಗಳನ್ನು ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ. ಒಂದರ ಮೇಲೊಂದು ಪೇರಿಸಿದರೆ ಕೆಳಗಿನವು ವರ್ಷಗಟ್ಟಲೆ ಭಾರಕ್ಕೆ ಬಾಗುತ್ತವೆ. ಬರಿ ಡಿಸ್ಕುಗಳನ್ನು ಕಂಬಕ್ಕೆ ಪೋಣಿಸಿಡುವುದು ಖಾಲಿ ಡಿಸ್ಕುಗಳಿಗೆ ಸರಿ. ತೂತಿನ ಸುತ್ತ ಸಣ್ಣ ಉಬ್ಬು ಉಂಗುರ ಇರುವುದರಿಂದ ಅವು ಒಂದಕ್ಕೊಂದು ತಾಗುವುದಿಲ್ಲ. ಆದರೆ ದಿನಾ ತೆಗೆದು ಹಾಕುವಾಗ ನಡುವೆ ದೂಳು ಸೇರುತ್ತದೆ. ಕೇಳಿ ನೋಡುವ ಡಿಸ್ಕುಗಳಿಗೆ ಅದು ಬೇಡ.

ತೇವದ ವಿಷಯ ಗೀರಿಗೆ ಸಂಬಂಧವಿಲ್ಲದ್ದು ಎಂದು ತೋರಬಹುದು, ಆದರೆ ಇದೆ. ಅಮೆರಿಕದ ಅಳತೆ, ಮಾನಕಗಳ ಸರ್ಕಾರಿ ಸಂಸ್ಥೆ ನಿಸ್ಟ್ 2003ರಲ್ಲಿ ಗ್ರಂಥಾಲಯಗಳಿಗಾಗಿ ತಂದ ಕೈಪಿಡಿ, ಡಿಸ್ಕುಗಳನ್ನು ಬಹುಕಾಲ ಇಡುವಲ್ಲಿ ತೇವಾಂಶ ಶೇ. 20ರಿಂದ 50, ತಾಪಮಾನ 4ರಿಂದ 20 ಡಿಗ್ರಿ ಇರಬೇಕೆನ್ನುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಮುಂಬಯಿಯಲ್ಲಿ ತೇವಾಂಶ ಶೇ. 80 ದಾಟುವುದು ಮಾಮೂಲು. ಮೇಲಿನ ಲ್ಯಾಕರ್‌ನಲ್ಲಿ ಒಂದು ಸಣ್ಣ ಗೀರಿದ್ದರೆ ಈ ತೇವ ಅಲ್ಲಿಂದಲೇ ಒಳನುಗ್ಗಿ ಅಲ್ಯೂಮಿನಿಯಂ ತಿನ್ನತೊಡಗುತ್ತದೆ. ಬೇಸಿಗೆಯಲ್ಲಿ ಬಿದ್ದ ಗೀರು ಮಳೆಗಾಲದಲ್ಲಿ ಬೆಳೆಯುತ್ತದೆ. ಸಿಡಿಯನ್ನು ಟ್ಯೂಬ್‌ಲೈಟಿಗೆ ಅಡ್ಡ ಹಿಡಿದು ನೋಡಿ, ಸೂಜಿ ಚುಚ್ಚಿದಂಥ ಬೆಳಕಿನ ಚುಕ್ಕೆ ಕಂಡರೆ ಅಲ್ಲಿ ಪದರ ಹೋಗಿದೆ ಎಂದರ್ಥ. ಗಾಳಿಯಾಡದ ಮುಚ್ಚಳದ ದೊಡ್ಡ ಡಬ್ಬದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಹೊರಗೋಡೆಗೆ ತಾಗದ ಕಪಾಟಿನಲ್ಲಿಡಿ. ಪೊಟ್ಟಣ ಹರಿದಿರದಂತೆ ನೋಡಿಕೊಳ್ಳಿ, ಆ ಹರಳು ಡಿಸ್ಕಿನ ಮೇಲೆ ಬಿದ್ದರೆ ಅದೇ ಗೀಚುತ್ತದೆ. ಬಣ್ಣ ಬದಲಾದಾಗ ಕಾಯಿಸಿ ಒಣಗಿಸಿದರೆ ಮತ್ತೆ ಬಳಸಬಹುದು. ಏಸಿ ಕೋಣೆಯಿಂದ ಹೊರಗೆ ತಂದ ಡಿಸ್ಕಿನ ಮೇಲೆ ಬೆವರಿನಂತೆ ನೀರು ಕೂರುತ್ತದೆ, ಅದು ತಾನಾಗಿ ಆರುವ ತನಕ ಪ್ಲೇಯರ್‌ಗೆ ಹಾಕಬೇಡಿ, ಒರೆಸಲೂ ಬೇಡಿ.

ಬಳಸುವಾಗಿನ ನಿಯಮ ಒಂದೇ ಎಂದುಕೊಳ್ಳಿ: ಡಿಸ್ಕು ಇರಬೇಕಾದದ್ದು ಡಬ್ಬಿಯಲ್ಲಿ, ಕೈಯಲ್ಲಿ ಅಥವಾ ಪ್ಲೇಯರಿನಲ್ಲಿ. ಮೇಜಿನ ಮೇಲೆ "ಒಂದು ನಿಮಿಷ" ಎಂದು ಇಟ್ಟದ್ದೇ ಗೀರಾಗುತ್ತದೆ, ಯಾವ ಮುಖ ಕೆಳಗಾದರೂ ಸರಿ. ತೆಗೆಯುವಾಗ ಹೆಬ್ಬೆರಳಿನಿಂದ ನಡುವಿನ ಹಲ್ಲುಗಳನ್ನು ಒತ್ತಿ, ಉಳಿದ ಬೆರಳುಗಳಿಂದ ಅಂಚು ಹಿಡಿದು ಎತ್ತಿ. ಅಂಚನ್ನೇ ಹಿಡಿದು ಮೀಟಿದರೆ ಡಿಸ್ಕು ಬಿಲ್ಲಿನಂತೆ ಬಾಗುತ್ತದೆ, ತೂತಿನ ಬಳಿ ಬಿರುಕು ಬಿಡುತ್ತದೆ. ಹಾಗೆ ಬಿರುಕು ಬಿಟ್ಟ ಡಿಸ್ಕನ್ನು ಕಂಪ್ಯೂಟರಿಗೆ ಹಾಕಲೇಬೇಡಿ. 52 ಪಟ್ಟು ವೇಗದ ಡ್ರೈವ್‌ನಲ್ಲಿ ಅದು ನಿಮಿಷಕ್ಕೆ ಸುಮಾರು 10,000 ಸುತ್ತು ತಿರುಗುತ್ತದೆ, ಒಳಗೇ ಚೂರಾಗಬಹುದು. ತಿರುಗುತ್ತಿರುವ ಪ್ಲೇಯರ್ ಅಥವಾ ಲ್ಯಾಪ್‌ಟಾಪನ್ನು ಎತ್ತುವುದು, ಓರೆ ಮಾಡುವುದು ಕೂಡದು. ವೃತ್ತಾಕಾರದ ಆಳ ಗೀರು ಬೀಳುವುದು ಹೆಚ್ಚಾಗಿ ಹಾಗೆಯೇ, ಅದೇ ಎಲ್ಲಕ್ಕಿಂತ ಕೆಟ್ಟ ಗೀರು. ಕಾರಿನಲ್ಲಿ ಸೀಳಿನೊಳಗೆ ತೂರಿಸುವ ಪ್ಲೇಯರ್‌ಗೆ ಮೂಲ ಡಿಸ್ಕು ಕೊಡಬೇಡಿ, ನಕಲು ಹಾಕಿ.

ಹೆಸರು ಬರೆಯಲು ಬಾಲ್‌ಪೆನ್ ಬೇಡವೇ ಬೇಡ. ಅದು ಒತ್ತಿ ಬರೆಯುವುದು ನೇರವಾಗಿ ದಾಖಲೆಯ ಮೇಲೆ. ಮೆತ್ತನೆ ತುದಿಯ, ನೀರು ಆಧಾರಿತ ಶಾಯಿಯ ಮಾರ್ಕರ್‌ನಿಂದ ನಡುವಿನ ಪಾರದರ್ಶಕ ಉಂಗುರದಲ್ಲಿ ಬರೆಯಿರಿ. ಈಗಾಗಲೇ ಸ್ಟಿಕರ್ ಅಂಟಿಸಿದ್ದರೆ ಕೀಳಬೇಡಿ, ಹಾಗೇ ಇರಲಿ.

ಟೂತ್‌ಪೇಸ್ಟ್ ವಿಚಾರ. ಅದರಲ್ಲಿರುವ ಸಣ್ಣ ಕಣಗಳು ಗೀರಿನ ಚೂಪು ಅಂಚನ್ನು ಸವೆಸಿ, ಬೆಳಕು ಅಡ್ಡಾದಿಡ್ಡಿ ಚದುರದಂತೆ ಮಾಡುತ್ತವೆ. ಕೆಲವು ಸಲ ಕೆಲಸ ಮಾಡುತ್ತದೆ, ಸುಳ್ಳಲ್ಲ. ಆದರೆ ಪ್ರತಿ ಸಲವೂ ನೀವು ಪ್ಲಾಸ್ಟಿಕ್ ಕಳೆದುಕೊಳ್ಳುತ್ತೀರಿ, ಹೊಸ ಸಣ್ಣ ಗೀರುಗಳನ್ನು ಹಾಕುತ್ತೀರಿ. ಸಿಡಿ, ಡಿವಿಡಿಯ ಓದುವ ಮುಖಕ್ಕೆ, ಬೇರೆ ಎರಡು ಡ್ರೈವ್‌ಗಳಲ್ಲೂ ಓದದಿದ್ದಾಗ, ನಕಲು ತೆಗೆಯುವ ಕೊನೆಯ ಪ್ರಯತ್ನವಾಗಿ ಮಾತ್ರ ಮಾಡಿ: ನಡುವಿನಿಂದ ಅಂಚಿಗೆ ತಿಕ್ಕಿ, ಚೆನ್ನಾಗಿ ತೊಳೆದು, ಆರಿಸಿ. ಬ್ಲೂ-ರೇಗೆ ಯಾವ ಕಾರಣಕ್ಕೂ ಬೇಡ, ಆ ಗಟ್ಟಿ ಲೇಪನ ಹೋದರೆ ಮುಗಿಯಿತು.

ಇಷ್ಟೆಲ್ಲ ಹೇಳಿದರೂ ನನ್ನ ಬಲವಾದ ಸಲಹೆ ಒಂದೇ: ಈ ಮಳೆಗಾಲಕ್ಕೆ ಮೊದಲು ಎಲ್ಲವನ್ನೂ ಹಾರ್ಡ್ ಡಿಸ್ಕಿಗೆ ನಕಲು ಮಾಡಿ, ನೋಡಲು ಕೇಳಲು ಅದನ್ನೇ ಬಳಸಿ. ಡಬ್ಬಿಯಿಂದ ಹೊರಗೇ ಬಾರದ ಡಿಸ್ಕಿಗೆ ಗೀರು ಬೀಳುವುದಿಲ್ಲ. ಆಡಿಯೊ ಸಿಡಿಗೆ ಎಕ್ಸ್ಯಾಕ್ಟ್ ಆಡಿಯೊ ಕಾಪಿ ಎಂಬ ಉಚಿತ ತಂತ್ರಾಂಶ ಒಳ್ಳೆಯದು, ಸಂಶಯ ಬಂದ ಕಡೆ ಮತ್ತೆ ಮತ್ತೆ ಓದುತ್ತದೆ. ಧ್ವನಿಯ ಗುಣ ಕಳೆಯದ ಫ್ಲ್ಯಾಕ್ ರೂಪದಲ್ಲಿ ಉಳಿಸಿ. ವಿಸಿಡಿಯಲ್ಲಿ ಎಂಪೆಗ್‌ಎವಿ ಎಂಬ ಫೋಲ್ಡರಿನ ಡ್ಯಾಟ್ ಫೈಲುಗಳೇ ಚಿತ್ರ, ಅವನ್ನು ನಕಲಿಸಿ. ದತ್ತಾಂಶದ ಡಿಸ್ಕು ನಡುವೆ ನಿಂತರೆ ಡಿಡಿರೆಸ್ಕ್ಯೂ ಎಂಬ ತಂತ್ರಾಂಶ ಬಳಸಿ, ಓದಲಾಗದ ಜಾಗವನ್ನು ಗುರುತಿಟ್ಟುಕೊಂಡು ಇನ್ನೊಂದು ಡ್ರೈವ್‌ನಲ್ಲಿ ಅಷ್ಟನ್ನೇ ಮತ್ತೆ ಪ್ರಯತ್ನಿಸಬಹುದು.

ಮೊದಲು ನಕಲು ತೆಗೆಯಬೇಕಾದವು ಮನೆಯಲ್ಲಿ ಅಥವಾ ಸ್ಟುಡಿಯೊದಲ್ಲಿ ಬರೆದ ಸಿಡಿ-ಆರ್, ಡಿವಿಡಿ-ಆರ್‌ಗಳು. ಅವುಗಳ ದಾಖಲೆ ಬಣ್ಣದ ಪದರದಲ್ಲಿದೆ, ಬಿಸಿಲಿಗೂ ಸೆಕೆಗೂ ಮಾಸುತ್ತದೆ. ಮದುವೆಯ ಡಿವಿಡಿಗಳು ಬಹುಪಾಲು ಇದೇ ಜಾತಿಯವು. ಆಮೇಲೆ ವಿಸಿಡಿಗಳು. ಕಂಪನಿಯವರು ಅಚ್ಚೊತ್ತಿ ಮಾರಿದ ಆಡಿಯೊ ಸಿಡಿ, ಡಿವಿಡಿಗಳನ್ನು ಕೊನೆಗೆ ತೆಗೆದುಕೊಂಡರೂ ನಡೆಯುತ್ತದೆ.