ಹಳೇ ಮಾರುತಿಯಡಿ ಪೆಟ್ರೋಲ್ ಹನಿ

ಪ್ರಶ್ನೆ: ನಮ್ಮದು ಕಾರ್ಬುರೇಟರ್ ಇರುವ ಹಳೇ ಮಾರುತಿ 800. ಬೆಳಿಗ್ಗೆ ಶೆಡ್ ತೆರೆದರೆ ಪೆಟ್ರೋಲ್ ವಾಸನೆ, ಎಂಜಿನ್ ಕೆಳಗೆ ಒದ್ದೆ. ಮನೆಯಲ್ಲೇ ಸರಿಮಾಡಬಹುದೇ?
— ಓದುಗರು, ಮೂಡಿಗೆರೆ

ಉತ್ತರ: ಸೋರುತ್ತಿರುವುದು ರಬ್ಬರ್ ಪೈಪಾದರೆ ಮಾಡಬಹುದು. ಎಥನಾಲ್ ಬೆರೆತ ಪೆಟ್ರೋಲಿಗೆ ಹಳೇ ರಬ್ಬರ್ ಬೇಗ ಬಿರುಕು ಬಿಡುತ್ತದೆ. ಮಲೆನಾಡಿನ ಮಳೆಗೆ ಕ್ಲಿಪ್ಪೂ ತುಕ್ಕು ಹಿಡಿದಿರುತ್ತದೆ. ಪೈಪನ್ನು ಬಾಗಿಸಿ ನೋಡಿ, ಸಣ್ಣ ಸೀಳು ಆಗಲೇ ಕಾಣುವುದು.

ಕಾರನ್ನು ಶೆಡ್ಡಿನಿಂದ ಅಂಗಳಕ್ಕೆ ತಳ್ಳಿ; ಸ್ಟಾರ್ಟ್ ಮಾಡಬೇಡಿ. ಎಂಜಿನ್ ತಣ್ಣಗಿರಲಿ, ಬ್ಯಾಟರಿಯ ನೆಗೆಟಿವ್ ಕಳಚಿ, ಪುಡಿ ತುಂಬಿದ ಅಗ್ನಿಶಾಮಕ ಹತ್ತಿರವಿರಲಿ. ಬೀಡಿ ಸೇದುವವರು ಗೇಟಿನಾಚೆ. ಟ್ಯಾಂಕಿನ ಮುಚ್ಚಳ ಸಡಿಲಿಸಿದರೆ ಒತ್ತಡ ಇಳಿಯುತ್ತದೆ.

ಹಳೇ ಪೈಪನ್ನು ಎಳೆಯಬೇಡಿ, ಫಿಲ್ಟರಿನ ಪ್ಲಾಸ್ಟಿಕ್ ಮೂತಿ ಮುರಿದೀತು. ಬ್ಲೇಡಿನಿಂದ ಉದ್ದಕ್ಕೆ ಸೀಳಿ ಬಿಡಿಸಿ. ಅದರ ತುಂಡನ್ನೇ ಅಂಗಡಿಗೆ ಒಯ್ದು ಒಳವ್ಯಾಸ ಹೊಂದಿಸಿ, ಎಸ್‌ಎಇ ಜೆ30 ಆರ್9 (ಇಂಧನ ಪೈಪಿನ ಗುಣಮಟ್ಟದ ಗುರುತು) ಎಂದು ಅಚ್ಚಾದ ಪೈಪ್ ಕೇಳಿ. ನೀರಿನ ಪೈಪ್, ಪಾರದರ್ಶಕ ಪ್ಲಾಸ್ಟಿಕ್ ಬೇಡವೇ ಬೇಡ. ಮೂತಿಯ ಉಬ್ಬು ದಾಟಿ ಸುಮಾರು 25 ಮಿ.ಮೀ. ಒಳಗೆ ತಳ್ಳಿ, ಕ್ಲಿಪ್ ಉಬ್ಬಿನ ಹಿಂದೆ ಕೂರಲಿ. ಅತಿಯಾಗಿ ಬಿಗಿದರೆ ಪೈಪೇ ಕತ್ತರಿಸುತ್ತದೆ. ಫಿಲ್ಟರಿನ ಬಾಣ ಪಂಪಿನ ಕಡೆಗಿರಬೇಕು.

ಎಲ್ಲ ಒರೆಸಿ, ವಾಸನೆ ಹೋದ ಮೇಲೆ ಬ್ಯಾಟರಿ ಜೋಡಿಸಿ, ನಿಂತಲ್ಲೇ ಎಂಜಿನ್ ಐದು ನಿಮಿಷ ಓಡಿಸಿ ಪ್ರತಿ ಜೋಡಣೆಗೂ ಒಣ ಕಾಗದ ಒತ್ತಿ ನೋಡಿ. ಪೈಪ್ ಒಣಗಿದ್ದು ಕಾರ್ಬುರೇಟರ್ ಒದ್ದೆಯಾಗಿದ್ದರೆ ಅದರೊಳಗೆ ಪೆಟ್ರೋಲ್ ಹೆಚ್ಚಾಗದಂತೆ ತಡೆಯುವ ಫ್ಲೋಟ್ ನೀಡಲ್ಲಿನಲ್ಲಿ ಕಸ ಸಿಕ್ಕಿರಬಹುದು. ಟ್ಯಾಂಕೇ ತೂತಾಗಿದ್ದರೆ ಎಂ-ಸೀಲ್ ಮೆತ್ತಬೇಡಿ, ವೆಲ್ಡಿಂಗಿಗಂತೂ ಕೈಹಾಕಲೇಬೇಡಿ. ಖಾಲಿ ಟ್ಯಾಂಕಿನ ಆವಿಯೂ ಸಿಡಿಯುತ್ತದೆ.