ಇಳಿದರೆ ಗಾಬರಿ, ಏರಿದರೆ?

ಪತ್ರ: ಅಮ್ಮನಿಗೆ 47 ವರ್ಷ. ಸುಸ್ತು ಅಂತ ರಕ್ತ ಪರೀಕ್ಷೆ ಮಾಡಿಸಿದೆವು. ಪ್ಲೇಟ್‌ಲೆಟ್ 6.4 ಲಕ್ಷ, ಹಿಮೋಗ್ಲೋಬಿನ್ 9. ಪಕ್ಕದ ಮನೆಯವರು 'ಜಾಸ್ತಿ ಇದ್ರೆ ಒಳ್ಳೇದೇ' ಅಂತಾರೆ. ಭಾವ ಮೊಬೈಲ್ ನೋಡಿ 'ರಕ್ತದ ಕ್ಯಾನ್ಸರ್' ಅಂತಾರೆ. ತಿಂಗಳ ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತೆ, ಅದು ಬಿಟ್ಟರೆ ಆರಾಮ. ಯಾರ ಮಾತು ನಂಬಲಿ?
– ಓದುಗರು, ತೀರ್ಥಹಳ್ಳಿ

ಉತ್ತರ: ಸದ್ಯಕ್ಕೆ ಇಬ್ಬರದ್ದೂ ಬೇಡ.

ಪಕ್ಕದ ಮನೆಯವರದು ಮಲೆನಾಡಿನ ಲೆಕ್ಕ. ಮಂಗನ ಕಾಯಿಲೆ 1957ರಲ್ಲಿ ಪತ್ತೆಯಾಗಿದ್ದೇ ನಮ್ಮ ಸೊರಬದ ಕ್ಯಾಸನೂರು ಕಾಡಿನಲ್ಲಿ. ಅದರಲ್ಲೂ ಡೆಂಗಿಯಲ್ಲೂ ಪ್ಲೇಟ್‌ಲೆಟ್ ಇಳಿಯುತ್ತದೆ. 'ಎಷ್ಟಕ್ಕೆ ಇಳೀತು?' ಅಂತ ಕೇಳಿ ಕೇಳಿ, ಏರಿದರೂ ತೊಂದರೆ ಇರಬಹುದು ಅನ್ನೋದು ನಮಗೆ ಹೊಳೆಯುವುದೇ ಇಲ್ಲ. (ಪಪ್ಪಾಯಿ ಎಲೆ ರಸ ಕುಡಿಸಿಲ್ಲ ತಾನೇ?)

ಒಂದು ಮೈಕ್ರೊಲೀಟರ್ ರಕ್ತದಲ್ಲಿ 1.5ರಿಂದ 4.5 ಲಕ್ಷ ಇರಬೇಕು. ಅದನ್ನು ದಾಟಿದವರಲ್ಲಿ ಹೆಚ್ಚಿನವರಿಗೆ ಕಾರಣ ಬೇರೆಲ್ಲೋ ಇರುತ್ತದೆ. ಸೋಂಕು, ಉರಿಯೂತ, ಆಪರೇಷನ್, ಇಲ್ಲವೇ ಕಬ್ಬಿಣದ ಕೊರತೆ. ನೀವು 'ಅದು ಬಿಟ್ಟರೆ ಆರಾಮ' ಎಂದು ಬದಿಗೆ ಸರಿಸಿದ ಮಾತೇ ನನಗೆ ಮುಖ್ಯ ಅನಿಸಿತು. ಮುಟ್ಟಿನ ರಕ್ತ ಜಾಸ್ತಿ ಹೋದರೆ ಕಬ್ಬಿಣ ಕರಗುತ್ತದೆ. ಹಿಮೋಗ್ಲೋಬಿನ್ ಇಳಿದು ಪ್ಲೇಟ್‌ಲೆಟ್ ಏರುವುದು ಆಗ ಮಾಮೂಲು. ಹಾಗಾಗಿ ಮೊದಲು ಮೈಯಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಅಂತ ತೋರಿಸುವ ಫೆರಿಟಿನ್ ಪರೀಕ್ಷೆ ಮಾಡಿಸಿ. ಜೊತೆಗೆ ಉರಿಯೂತ ಇದೆಯಾ ಅಂತ ತಿಳಿಸುವ ಸಿಆರ್‌ಪಿ ಪರೀಕ್ಷೆಯೂ ಇರಲಿ. ಮೈಯಲ್ಲಿ ಉರಿಯೂತ ಇದ್ದರೆ ಕಬ್ಬಿಣ ಕಮ್ಮಿ ಇದ್ದರೂ ಫೆರಿಟಿನ್ ಸರಿಯಿದ್ದಂತೆ ಕಾಣಬಹುದು. ಸ್ತ್ರೀರೋಗ ತಜ್ಞರನ್ನೂ ಕಾಣಿ. ಸೋರುವ ಹಂಡೆಗೆ ನೀರು ಹೊಯ್ದರೆ ತುಂಬುತ್ತಾ?

ಕಬ್ಬಿಣ ಸರಿಯಾದ ಮೇಲೂ ಎಣಿಕೆ ಇಳಿಯದಿದ್ದರೆ ಆಗ ಭಾವನ ಮಾತು. ಅದೂ ಪೂರ್ತಿ ಸುಳ್ಳಲ್ಲ. ಮೂಳೆಯ ಮಜ್ಜೆಯೇ ಅತಿಯಾಗಿ ಪ್ಲೇಟ್‌ಲೆಟ್ ತಯಾರಿಸುವ ಎಸೆನ್ಷಿಯಲ್ ಥ್ರಾಂಬೊಸೈಥೀಮಿಯಾ ಅನ್ನುವ ಕಾಯಿಲೆ ರಕ್ತದ ಕ್ಯಾನ್ಸರ್‌ಗಳ ಸಾಲಿಗೇ ಸೇರುತ್ತದೆ. ಆದರೆ ನಿಧಾನದ್ದು, ಎಷ್ಟೋ ಜನ ಅದರ ಜೊತೆ ದಶಕಗಟ್ಟಲೆ ಬದುಕುತ್ತಾರೆ. ರಕ್ತರೋಗ ತಜ್ಞರು ಜಾಕ್2 ಜೀನ್ ಪರೀಕ್ಷೆ ಬರೆದುಕೊಡುತ್ತಾರೆ. ಈ ಕಾಯಿಲೆಯವರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಜನರಲ್ಲಿ ಕಾಣುವ ಆ ಜೀನ್‌ನ ಬದಲಾವಣೆ ಗೊತ್ತಾಗಿದ್ದು 2005ರಲ್ಲಿ. ಅದಿಲ್ಲದವರಲ್ಲಿ ಹಲವರಿಗೆ 2013ರಲ್ಲಿ ಪತ್ತೆಯಾದ ಕ್ಯಾಲ್‌ರೆಟಿಕ್ಯುಲಿನ್ ಅನ್ನುವ ಇನ್ನೊಂದು ಜೀನ್‌ನ ಬದಲಾವಣೆ ಇರುತ್ತದೆ. ಎರಡೂ ಇಲ್ಲದವರೂ ಇದ್ದಾರೆ. ಅದಕ್ಕೇ ಮೂಳೆಯ ಮಜ್ಜೆಯ ಪರೀಕ್ಷೆ ಬೇಕಾಗುತ್ತದೆ.

ಅಲ್ಲಿಯವರೆಗೆ 'ರಕ್ತ ತೆಳು ಮಾಡೋಕೆ' ಅಂತ ಸುಮ್ನೆ ಆಸ್ಪಿರಿನ್ ಕೊಡಬೇಡಿ. ಮುಟ್ಟಿನ ರಕ್ತ ಇನ್ನೂ ಜಾಸ್ತಿ ಹೋದೀತು. ಮಾತು ತೊದಲಿದರೆ, ಕೈಕಾಲು ಒಂದು ಕಡೆ ಸೋತರೆ, ಎದೆ ನೋವು ಬಂದರೆ ಮಾತ್ರ ಅಪಾಯಿಂಟ್‌ಮೆಂಟ್ ಕಾಯದೆ ಆಸ್ಪತ್ರೆಗೆ ಹೊರಡಿ.

ಇನ್ನೊಂದು ಕೆಲಸ. ಬೀರುವಿನಲ್ಲಿ ಅಮ್ಮನ ಹಳೆಯ ರಿಪೋರ್ಟ್ ಇದ್ದರೆ ಹುಡುಕಿ. ಮುಟ್ಟಿನ ತೊಂದರೆ ಶುರುವಾಗುವ ಮೊದಲೇ ಆರು ಲಕ್ಷ ಇತ್ತು ಅಂತಾದರೆ, ನಾನು ಮೇಲೆ ಬರೆದ ಕಬ್ಬಿಣದ ಮಾತಿನ ತೂಕ ಕಮ್ಮಿಯಾಗುತ್ತದೆ.