ಇಳಿಜಾರಿನ ಜಾಗ: ಮೊದಲು ಕಾರು ಎಲ್ಲಿ, ನೀರು ಎಲ್ಲಿ

ತಂಗಿ,

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಹಾವೇರಿ ಬಿಟ್ಟು ಗೋವಾಕ್ಕೆ ಬಂದು ಎರಡು ವರ್ಷ ಕಳೆದಿದೆ, ವೆರ್ಣಾದಲ್ಲಿ ಯಜಮಾನರ ಕೆಲಸ ಕಾಯಂ ಆಗಿದೆ, ಪೋಂಡಾ ತಾಲ್ಲೂಕಿನಲ್ಲಿ 400 ಚದರ ಮೀಟರ್ ಜಾಗ ಕೊಂಡಿದ್ದೀರಿ. ಜಾಗ ಇಳಿಜಾರು, ರಸ್ತೆ ಮೇಲ್ಭಾಗದಲ್ಲಿದೆ. ನಿಮ್ಮ ಮಾವನವರು ಜೆಸಿಬಿ ತರಿಸಿ ಒಂದೇ ಮಟ್ಟ ಮಾಡಿಸಿ, ಕೆಳಗೆ ಗ್ಯಾರೇಜು, ಮೇಲೆ ಮನೆ ಎನ್ನುತ್ತಿದ್ದಾರೆ. "ಅಕ್ಕಾ, ಇಲ್ಲಿ ನಾವು ನೆಲೆ ನಿಲ್ಲಬಹುದೇ? ಇಂಥ ಜಾಗದಲ್ಲಿ ಮನೆ ಹೇಗೆ ಕಟ್ಟುವುದು?" ಎಂದು ಕೇಳಿದ್ದೀಯ.

ನೆಲೆ ನಿಲ್ಲುವ ಮಾತಿಗೆ ಹೆಚ್ಚು ಹೇಳಬೇಕಿಲ್ಲ. ನಾನು ಗದಗಿನಿಂದ ಬಂದು ಇಪ್ಪತ್ತಾರು ವರ್ಷವಾಯಿತು. ಕೊಂಕಣಿ ಆರು ತಿಂಗಳಲ್ಲಿ ಕಿವಿಗೆ ಬರುತ್ತದೆ, ಎರಡು ವರ್ಷದಲ್ಲಿ ನಾಲಿಗೆಗೆ ಬರುತ್ತದೆ. ನೆರೆಯವರ ಮನೆಗೆ ಚೌತಿಗೆ ಹೋಗು, ನಾಗರ ಪಂಚಮಿಗೆ ನಿನ್ನ ಉಂಡೆ ಕಳುಹಿಸು, ಉಳಿದದ್ದು ತಾನಾಗಿ ಕೂಡಿಬರುತ್ತದೆ. ಮನೆ ಕಟ್ಟಲು ಬರುವ ಗೌಂಡಿಗಳಲ್ಲಿ ಅನೇಕರು ಬಾಗಲಕೋಟೆ, ವಿಜಯಪುರದ ಕಡೆಯವರೇ. ಅವರೊಡನೆ ನಿನ್ನ ಭಾಷೆಯಲ್ಲೇ ಜಗಳವನ್ನೂ ಆಡಬಹುದು, ಊಟವನ್ನೂ ಮಾಡಬಹುದು.

ನನಗೆ ಚಿಂತೆ ಇರುವುದು ಎರಡನೆಯ ಪ್ರಶ್ನೆಯ ಬಗ್ಗೆ. ನಾವು ಎರೆಹೊಲದ ಬಯಲಿನವರು. ನಮ್ಮ ಕಣ್ಣಿಗೆ ಮನೆ ಎಂದರೆ ಸಮತಟ್ಟಾದ ನೆಲ, ಅದರ ಮೇಲೊಂದು ಕಟ್ಟೆ, ಕಟ್ಟೆಯ ಮೇಲೆ ಪಡಸಾಲೆ. ಗುಡ್ಡ ಕಂಡ ಕೂಡಲೇ ಅದನ್ನು ಬಯಲು ಮಾಡಬೇಕು ಎನಿಸುತ್ತದೆ. ನಮಗೂ ಹಾಗೆಯೇ ಅನಿಸಿತ್ತು. 2004ರಲ್ಲಿ ಹಿಂದಿನ ಗುಡ್ಡವನ್ನು ಎರಡೂವರೆ ಮೀಟರ್ ನೆಟ್ಟಗೆ ಕಡಿಸಿ, ಕೆಂಪುಕಲ್ಲಿನ ತಡೆಗೋಡೆ ಕಟ್ಟಿಸಿದೆವು. ಗುತ್ತಿಗೆದಾರರು ಗೋಡೆಯಲ್ಲಿ ನೀರು ಹೊರಬರುವ ಕಿಂಡಿಗಳನ್ನು ಬಿಟ್ಟಿರಲಿಲ್ಲ. ಕೇಳಬೇಕೆಂದು ನಮಗೂ ತಿಳಿದಿರಲಿಲ್ಲ. ಎರಡನೆಯ ಮಳೆಗಾಲದ ಜುಲೈ ತಿಂಗಳ ಒಂದು ಬೆಳಗ್ಗೆ ಪಾತ್ರೆ ತೊಳೆಯಲು ಹಿತ್ತಲಿಗೆ ಹೋದಾಗ ಗೋಡೆಗೆ ಹೊಟ್ಟೆ ಬಂದಿತ್ತು. ನಡುವಿನ ನಾಲ್ಕು ವರಸೆಯ ಕಲ್ಲುಗಳು ಒಂದು ಗೇಣು ಮುಂದೆ ಸರಿದಿದ್ದವು. ಸಂದಿಗಳಿಂದ ಕೆಂಪು ನೀರು ಎಳೆ ಎಳೆಯಾಗಿ ಇಳಿಯುತ್ತಿತ್ತು. ಅಂಗೈ ಇಟ್ಟರೆ ಕಲ್ಲು ತಣ್ಣಗೆ ನಡುಗಿದಂತೆ ಭಾಸವಾಯಿತು. ಆ ರಾತ್ರಿ ಮಕ್ಕಳನ್ನು ಮುಂದಿನ ಕೋಣೆಯಲ್ಲಿ ಮಲಗಿಸಿ ನಾವಿಬ್ಬರೂ ಎದ್ದೇ ಕುಳಿತೆವು. ಗೋಡೆ ಬೀಳಲಿಲ್ಲ, ಆದರೆ ಮುಂದಿನ ಬೇಸಿಗೆಯಲ್ಲಿ ಪೂರ್ತಿ ಬಿಚ್ಚಿ ಮತ್ತೆ ಕಟ್ಟಿಸಬೇಕಾಯಿತು.

ಕಾರಣ ಮಣ್ಣಿನಲ್ಲಿದೆ. ಇಲ್ಲಿ ಮೇಲೆ ಕಾಣುವುದು ಗಟ್ಟಿಯಾದ ಮುರಕಲ್ಲು. ಕಡಿಯುವಾಗ ಮೆದುವಾಗಿದ್ದು ಗಾಳಿ ತಾಕಿದಂತೆಲ್ಲ ಗಟ್ಟಿಯಾಗುವ ಕಲ್ಲು ಅದು. ಅದರ ಕೆಳಗೆ ಅನೇಕ ಕಡೆ ಶೇಡಿ ಮಣ್ಣಿನ ಪದರ ಇರುತ್ತದೆ. ಒಣಗಿದಾಗ ಗೋಡೆಯಂತೆ ನಿಲ್ಲುವ ಆ ಮಣ್ಣು ನೀರು ಕುಡಿದರೆ ಬೆಣ್ಣೆ. ಪಣಜಿಯಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ನಮ್ಮ ಗದಗಿನಲ್ಲಿ ಇದರ ಕಾಲುಭಾಗವೂ ಬೀಳುವುದಿಲ್ಲ. ಏಪ್ರಿಲ್‌ನಲ್ಲಿ ಜೆಸಿಬಿ ಕಡಿದ ಅಂಚು ಚೊಕ್ಕವಾಗಿ ಕಾಣುತ್ತದೆ, ಆ ನೋಟವನ್ನು ನಂಬಬೇಡ. ಕಡಿದ ಮಣ್ಣನ್ನು ಕೆಳಗೆ ಸುರಿದು ಅದರ ಮೇಲೆ ಮನೆಯ ಇನ್ನರ್ಧವನ್ನು ನಿಲ್ಲಿಸುವುದು ಇನ್ನೂ ದೊಡ್ಡ ತಪ್ಪು. ಒಂದು ಕಾಲು ಗಟ್ಟಿ ನೆಲದ ಮೇಲೆ, ಇನ್ನೊಂದು ಕುಸಿಯುವ ಮಣ್ಣಿನ ಮೇಲೆ ನಿಂತ ಮನೆ ನಡುವೆ ಸೀಳದೆ ಇರುವುದಿಲ್ಲ.

ಕಾನೂನೂ ಇದೆ. ಗೋವಾದ ನಗರ ಮತ್ತು ಗ್ರಾಮ ಯೋಜನಾ ಕಾಯ್ದೆಯ 17ಎ ಕಲಂ ಪ್ರಕಾರ ಮುಖ್ಯ ನಗರ ಯೋಜಕರ ಲಿಖಿತ ಅನುಮತಿ ಇಲ್ಲದೆ ಗುಡ್ಡದ ಜಾಗ ಕಡಿಯುವಂತಿಲ್ಲ, ತಗ್ಗು ಜಾಗ ತುಂಬುವಂತಿಲ್ಲ. ಶೇ. 25ಕ್ಕಿಂತ ಕಡಿದಾದ ಇಳಿಜಾರಿನಲ್ಲಿ ಕಟ್ಟಲು ಗೋವಾದ ‘ಪ್ರಾದೇಶಿಕ ಯೋಜನೆ 2021’ ಬಿಡುವುದೇ ಇಲ್ಲ. ನಿನ್ನ ಜಾಗಕ್ಕೆ ವಸತಿಯ ಸನದು, ಅಂದರೆ ಮನೆ ಕಟ್ಟಲು ಭೂಪರಿವರ್ತನೆ ಮಾಡಿದ ಪತ್ರ, ಆಗಿದೆಯೇ, ನಮ್ಮ ಪಹಣಿಯಂಥ ಒಂದು-ಹದಿನಾಲ್ಕರ ಉತಾರದಲ್ಲಿ ಯಾರ ಯಾರ ಹೆಸರಿದೆ ಎಂಬುದನ್ನು ಒಬ್ಬ ಒಳ್ಳೆಯ ವಕೀಲರಿಗೆ ತೋರಿಸು. ಈ ಕಾಗದಗಳು ಕೈಗೆ ಬರುವ ಮೊದಲು ಒಂದು ಬುಟ್ಟಿ ಮಣ್ಣನ್ನೂ ಎತ್ತಿಸಬೇಡ.

ಈಗ ಲೆಕ್ಕಕ್ಕೆ ಬರೋಣ. ನಿನ್ನ ಜಾಗ 16 ಮೀಟರ್ ಅಗಲ, 25 ಮೀಟರ್ ಉದ್ದ; ಮೇಲಿನ ರಸ್ತೆಯಿಂದ ಕೆಳಗಿನ ಬೇಲಿಯವರೆಗೆ 3 ಮೀಟರ್ ಇಳಿಯುತ್ತದೆ ಎಂದು ಬರೆದಿದ್ದೀಯ. ಅಂದರೆ ಶೇ. 12 ಇಳಿಜಾರು. ಇದು ಕಷ್ಟದ ಜಾಗವಲ್ಲ, ನಿನ್ನ ಪುಣ್ಯ. ಆದರೆ ಅಂದಾಜನ್ನು ನೆಚ್ಚಬೇಡ, ಅಳೆದು ನೋಡು. ಗೌಂಡಿಗಳ ಹತ್ತಿರ ಪಾರದರ್ಶಕ ಲೆವೆಲ್ ಪೈಪು ಇರುತ್ತದೆ. ಗುಳ್ಳೆ ಉಳಿಯದಂತೆ ನೀರು ತುಂಬಿಸಿ, ಒಂದು ತುದಿಯನ್ನು ರಸ್ತೆಯ ಅಂಚಿನ ಗೂಟಕ್ಕೆ ಹಿಡಿದು, ಇನ್ನೊಂದನ್ನು ಕೆಳಗಿನ ಕೋಲಿಗೆ ಹಿಡಿದರೆ ಎರಡೂ ಕಡೆ ನೀರು ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಕೋಲಿನ ಮೇಲೆ ನೀರಿನ ಗುರುತಿನಿಂದ ನೆಲದವರೆಗಿನ ಅಳತೆಯಲ್ಲಿ ಮೇಲಿನ ಗೂಟದ ಅಳತೆಯನ್ನು ಕಳೆ; ಉಳಿದದ್ದೇ ಇಳಿತ. ಹೀಗೆ ಎರಡೆರಡು ಮೀಟರಿಗೆ ಒಂದು ಗುರುತು ಹಾಕಿಕೋ. ಆಮೇಲೆ ಸರ್ವೆಯವರಿಂದ ಸರಿಯಾದ ನಕ್ಷೆ ಮಾಡಿಸು. ಅದು ಕೈಯಲ್ಲಿಲ್ಲದೆ ಯಾವ ಎಂಜಿನಿಯರರು ಕೋಣೆಗಳ ಚಿತ್ರ ಬರೆದು ತಂದರೂ ಒಪ್ಪಬೇಡ.

ಕೋಣೆಗಳಿಗಿಂತ ಮೊದಲು ಕಾರಿನ ಜಾಗ ನಿರ್ಧಾರವಾಗಬೇಕು. ರಸ್ತೆ ಕೆಳಗಿದ್ದಿದ್ದರೆ ಮಾವನವರ ಮಾತು ಸರಿ ಇತ್ತು: ಕೆಳಗೆ ಗ್ಯಾರೇಜು, ಮೇಲೆ ಮನೆ. ನಿನ್ನ ರಸ್ತೆ ಮೇಲಿದೆ. ಕಾರನ್ನು ಕೆಳಗೆ ಇಳಿಸಿದರೆ ಕಾರಿನ ಹಿಂದೆಯೇ ರಸ್ತೆಯ ನೀರೂ ಗ್ಯಾರೇಜಿಗೆ ಇಳಿಯುತ್ತದೆ. ಮೇಲಾಗಿ ಜೂನ್ ಮುಗಿಯುವಷ್ಟರಲ್ಲಿ ಇಲ್ಲಿನ ಕಾಂಕ್ರೀಟಿನ ಮೇಲೆ ಪಾಚಿ ಕಟ್ಟುತ್ತದೆ, ಕಡಿದಾದ ದಾರಿಯಲ್ಲಿ ಚಕ್ರ ಹಿಡಿಯುವುದಿಲ್ಲ. ಹತ್ತು ಮೀಟರಿಗೆ ಒಂದು ಮೀಟರ್ ಇಳಿದರೆ ನೆಮ್ಮದಿ. ಎಂಟಕ್ಕೆ ಒಂದು ಎಂದರೂ ನಡೆಯುತ್ತದೆ, ಅದಕ್ಕಿಂತ ಕಡಿದು ಬೇಡ.

ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. ರಸ್ತೆಯಿಂದ 4 ಮೀಟರ್ ಬಿಟ್ಟು ಮನೆ ಶುರು. ನಿಮ್ಮ ಪಂಚಾಯಿತಿಯ ನಿಯಮ ಇನ್ನೂ ಹೆಚ್ಚು ಬಿಡು ಎಂದರೆ ಲೆಕ್ಕವನ್ನು ಅದಕ್ಕೆ ಹೊಂದಿಸಿಕೋ. ಮನೆಯ ಉದ್ದ 12 ಮೀಟರ್. ಇದನ್ನು ಒಂದೇ ಮಟ್ಟದಲ್ಲಿ ಕೂರಿಸಿದರೆ ಮುಂದಿನ ಅಂಚಿಗೂ ಹಿಂದಿನ ಅಂಚಿಗೂ 1.44 ಮೀಟರ್ ವ್ಯತ್ಯಾಸ, ಅಷ್ಟನ್ನು ಕಡಿಯಬೇಕು ಇಲ್ಲವೇ ತುಂಬಬೇಕು. ಅದರ ಬದಲು ಮನೆಯನ್ನು ಆರಾರು ಮೀಟರಿನ ಎರಡು ಭಾಗ ಮಾಡಿ, ಹಿಂದಿನದನ್ನು 72 ಸೆಂಟಿಮೀಟರ್ ಕೆಳಗಿಡು. ಅಷ್ಟಕ್ಕೆ ಬೇಕಾಗುವುದು ಐದೇ ಮೆಟ್ಟಿಲು, ಒಂದೊಂದೂ ಹದಿನಾಲ್ಕೂವರೆ ಸೆಂಟಿಮೀಟರಿಗಿಂತ ಎತ್ತರವಿಲ್ಲ. ಮುಂದಿನ ಭಾಗದ ನಡುವೆ ನೆಲ ರಸ್ತೆಗಿಂತ 84 ಸೆಂಟಿಮೀಟರ್ ಕೆಳಗಿದೆ. ಮಳೆಯ ನಾಡಿನಲ್ಲಿ ಹೇಗೂ ಬೇಕಾಗುವ ಒಂದೂವರೆ ಅಡಿ ಕಟ್ಟೆಯನ್ನು ಅಲ್ಲಿ ಎತ್ತಿದರೆ ಮನೆಯ ನೆಲ ರಸ್ತೆಗಿಂತ ಸುಮಾರು 40 ಸೆಂಟಿಮೀಟರ್ ಕೆಳಗೆ ನಿಲ್ಲುತ್ತದೆ. ನಿನ್ನ 4 ಮೀಟರ್ ಅಂಗಳದಲ್ಲಿ 40 ಸೆಂಟಿಮೀಟರ್ ಇಳಿತ ಎಂದರೆ ಸರಿಯಾಗಿ ಹತ್ತಕ್ಕೆ ಒಂದು. ಕಾರು ಮೆಲ್ಲನೆ ಇಳಿದು ನಿಲ್ಲುತ್ತದೆ, ಕಾರಿನಿಂದ ಅಡುಗೆಮನೆಯವರೆಗೆ ಒಂದೂ ಮೆಟ್ಟಿಲಿಲ್ಲ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಮ್ಮ ಮನೆಯಲ್ಲಿ ಗೇಟಿನಿಂದ ಅಡುಗೆಮನೆಗೆ ಹತ್ತೊಂಬತ್ತು ಮೆಟ್ಟಿಲು. ಅಡುಗೆಯ ಸಿಲಿಂಡರಿನಲ್ಲಿ ಗ್ಯಾಸೇ 14.2 ಕಿಲೋ, ಖಾಲಿ ಸಿಲಿಂಡರಿನ ತೂಕ ಸೇರಿದರೆ ಅದರ ಎರಡರಷ್ಟಕ್ಕೂ ಹೆಚ್ಚು. ಮಳೆಯಲ್ಲಿ ಅದನ್ನು ಹೆಗಲ ಮೇಲಿಟ್ಟುಕೊಂಡು ಬರುವ ಹುಡುಗ ಪ್ರತಿ ಮೆಟ್ಟಿಲಿಗೂ ಬರಿಗಾಲಿನ ಹೆಬ್ಬೆರಳು ಊರಿ ನೋಡುತ್ತಾನೆ, ನಾನು ಉಸಿರು ಬಿಗಿಹಿಡಿದು ನಿಂತಿರುತ್ತೇನೆ. ನಮ್ಮ ಅತ್ತೆಯವರು ಕೊನೆಯ ಮೂರು ವರ್ಷ ಆ ಮೆಟ್ಟಿಲುಗಳಿಂದಾಗಿ ಗುಡಿಗೂ ಹೋಗಲಿಲ್ಲ. ನಿನ್ನ ಅತ್ತೆ ಮಾವ ಬರುವವರಿದ್ದಾರೆ. ಅವರ ಕೋಣೆ, ಬಚ್ಚಲು, ಅಡುಗೆಮನೆ, ಕಾರು ಇಷ್ಟೂ ಒಂದೇ ಮಟ್ಟದಲ್ಲಿರಲಿ. ಬಾಗಿಲ ಮುಂದೆ ಇಲ್ಲಿನವರು ಬಾಲ್ಕಾವ್ ಎನ್ನುವ ಕಲ್ಲಿನ ಆಸನದ ಜಗಲಿ ಮಾಡಿಸು. ಮಾವನವರಿಗೆ ಅದೇ ಊರ ಕಟ್ಟೆಯಾಗುತ್ತದೆ. ಐದು ಮೆಟ್ಟಿಲು ಕೆಳಗೆ ನಿಮ್ಮ ನಡುಮನೆ, ಮಲಗುವ ಕೋಣೆಗಳು, ಕಣಿವೆಯ ಕಡೆಗೆ ಕಿಟಕಿಗಳು. ಮೆಟ್ಟಿಲಿಗೆ ಎರಡೂ ಬದಿ ಕೈಹಿಡಿ ಮರೆಯಬೇಡ.

ಗ್ಯಾರೇಜು ನೈಋತ್ಯದ ಮೂಲೆಗೆ ಬರಲಿ. ಮಳೆಗಾಳಿ ಬೀಸುವುದು ಆ ಕಡೆಯಿಂದಲೇ. ಇರಚಲು ಬಡಿಯುವ ಗೋಡೆ ಮಲಗುವ ಕೋಣೆಯದಾಗುವುದಕ್ಕಿಂತ ಕಾರಿನದಾಗಲಿ. ಒಳಗೆ ಕನಿಷ್ಠ 3 ಮೀಟರ್ ಅಗಲ ಇರಲಿ, ಬಾಗಿಲು ತೆಗೆದು ಮಾವನವರು ನಿಧಾನವಾಗಿ ಇಳಿಯುವಂತಿರಬೇಕು. ವಾಸ್ತುವಿನ ಮಾತು ಬಂದರೆ ಅವರಿಗೆ ಹೇಳು: ನಿಮ್ಮ ರಸ್ತೆ ದಕ್ಷಿಣಕ್ಕಿದೆ, ದಕ್ಷಿಣ ಎತ್ತರ, ಉತ್ತರ ತಗ್ಗು. ವಾಸ್ತು ಕೇಳುವುದೂ ಅದನ್ನೇ. ಅಡುಗೆಮನೆಗೆ ಆಗ್ನೇಯ ಸಿಗುತ್ತದೆ. ಜೆಸಿಬಿ ಹಚ್ಚಿದರೆ ಭೂಮಿ ತಾನಾಗಿ ಕೊಟ್ಟದ್ದನ್ನು ಕಳೆದುಕೊಂಡಂತೆ.

ಇನ್ನು ನೀರು. ಅಂಗಳ ಮನೆಯ ಕಡೆಗೆ ಇಳಿಯುವುದರಿಂದ ಗ್ಯಾರೇಜಿನ ಬಾಗಿಲ ಮುಂದೆ ಅಡ್ಡಲಾಗಿ ಒಂದು ಗಟಾರ, ಅದರ ಮೇಲೆ ಕಬ್ಬಿಣದ ಜಾಲರಿ ಬೇಕೇ ಬೇಕು. ರಸ್ತೆಯ ಅಂಚಿನಲ್ಲಿ ಇನ್ನೊಂದು. ಎರಡರ ನೀರೂ ಮನೆಯ ಪಕ್ಕಗಳಿಂದ ತೆರೆದ ಕಾಲುವೆಯಲ್ಲಿ ಕೆಳಗೆ ಹೋಗಲಿ. ಮುಚ್ಚಿದ ಪೈಪಿನಲ್ಲಿ ಗೇರು ಎಲೆ ಸಿಕ್ಕಿಕೊಂಡರೆ ಮಧ್ಯರಾತ್ರಿ ಯಾರು ತೆಗೆಯುವರು? ಅಂಗಳದ ಕಾಂಕ್ರೀಟು ಹಸಿ ಇರುವಾಗಲೇ, ಚಕ್ರ ಜಾರದಂತೆ ಅಡ್ಡಗೆರೆ ಎಳೆಸು. ಎಲ್ಲಿ ತಡೆಗೋಡೆ ಕಟ್ಟಿದರೂ ಹಿಂಬದಿಗೆ ಒಂದಡಿ ಖಡಿ (ಜಲ್ಲಿಕಲ್ಲು) ತುಂಬಿಸಿ, ಒಂದೊಂದು ಮೀಟರಿಗೆ ಪಿವಿಸಿ ಪೈಪಿನ ಕಿಂಡಿ ಬಿಡಿಸು. ಗೌಂಡಿ "ಬೇಕಾಗಿಲ್ಲ ಅಕ್ಕಾ" ಎಂದರೂ ಬಿಡಿಸು, ಹತ್ತಿರವೇ ನಿಂತು ನೋಡು. ಸೆಪ್ಟಿಕ್ ಟ್ಯಾಂಕು, ಇಂಗುಗುಂಡಿ ಕೆಳಗಿನ ಬೇಲಿಯ ಕಡೆಗೆ ಇರಲಿ. ಬಾವಿ ತೋಡಿಸುವುದಾದರೆ ಮೇಲ್ಗಡೆ, ಗುಂಡಿಯಿಂದ 15 ಮೀಟರ್ ದೂರಕ್ಕೆ. ನಿನ್ನ ನೀರು ಕೆಳಗಿನ ಮನೆಯವರ ಅಂಗಳಕ್ಕೆ ಹರಿಯದಂತೆ ಮೊದಲೇ ಅವರೊಡನೆ ಕುಳಿತು ಮಾತಾಡು. ಇಲ್ಲಿ ನೆರೆಹೊರೆ ಕೆಡುವುದು ಹೆಚ್ಚಾಗಿ ಇದೇ ವಿಷಯಕ್ಕೆ.

ಕೆಲಸವನ್ನು ಅಕ್ಟೋಬರಿನಲ್ಲಿ ಶುರು ಮಾಡಿ, ಮೇ ಮುಗಿಯುವ ಮೊದಲು ಚಾವಣಿ ಹೊದಿಸಿಬಿಡಿ. ಅದಕ್ಕಿಂತ ಮೊದಲು ಈ ಜುಲೈನಲ್ಲಿ, ಮಳೆ ಜೋರಾಗಿ ಸುರಿಯುವ ಒಂದು ಭಾನುವಾರ, ನಿನ್ನ ಜಾಗದಲ್ಲಿ ಅರ್ಧ ಗಂಟೆ ನಿಲ್ಲೋಣ. ನೀರು ಯಾವ ಕಡೆಯಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿ ಹೊರಬೀಳುತ್ತದೆ ಎಂದು ಗೂಟ ಹೊಡೆದು ಗುರುತಿಸೋಣ. ಮಾವನವರನ್ನೂ ಕರೆದುಕೊಂಡು ಬಾ. ಲೆವೆಲ್ ಪೈಪು ನಮ್ಮ ಮನೆಯಲ್ಲೇ ಇದೆ, ನಾನು ತರುತ್ತೇನೆ. ಮಧ್ಯಾಹ್ನದ ರೊಟ್ಟಿ ನಮ್ಮಲ್ಲೇ.